ಆ ಕೊನೆಯ ಕೋಲನ್ ಯಾರದು? – ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ

(ಬಂದ ಕೋರಿಕೆಗಳನ್ನು ಹಲವು ಸರ್ವರ್‌ಗಳಿಗೆ ಹಂಚುವುದು ಲೋಡ್ ಬ್ಯಾಲೆನ್ಸರ್. ಅದರಲ್ಲಿ ಐಪಿವಿ6 ವಿಳಾಸ, ಅಂದರೆ ಕೋಲನ್‌ಗಳಿಂದ ಭಾಗಿಸಿದ ಹೊಸ ಬಗೆಯ ಅಂತರ್ಜಾಲ ವಿಳಾಸ, ಮತ್ತು ಪೋರ್ಟ್, ಅಂದರೆ ಯಂತ್ರದ ಯಾವ ಸೇವೆ ಎಂದು ಸೂಚಿಸುವ ಸಂಖ್ಯೆ, ಬರೆಯುವ ಬಗ್ಗೆ ಈ ಪ್ರಶ್ನೆಗಳು. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ್ದೇವೆ. ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ. ಉದಾಹರಣೆಗೆ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವ ಸೇವೆ) ವಿಳಾಸ ಎತ್ತಿಕೊಂಡಿದ್ದೇವೆ. ಅದರಲ್ಲಿ ಬರೀ ಅಂಕಿಗಳಿರುವುದರಿಂದ ಓದಲು ಸಲೀಸು.)

ಪ್ರಶ್ನೆ: ನಾವೇ ಬರೆದುಕೊಂಡ ಪುಟ್ಟ ಲೋಡ್ ಬ್ಯಾಲೆನ್ಸರ್‌ನಲ್ಲಿ ಸರ್ವರ್‌ಗಳನ್ನು ‘10.0.0.5:80’ ಎಂದು ನಮೂದಿಸುತ್ತೇವೆ. ಈಗ ಐಪಿವಿ6 ಸೇರಿಸಬೇಕು. ಚೌಕ ಬ್ರ್ಯಾಕೆಟ್ ಇಲ್ಲದೆ ನಡೆಯುವುದಿಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ನಡೆಯುತ್ತದೆ, ಆದರೆ ಮುಂದೊಂದು ದಿನ ಕೈ ಸುಡುತ್ತದೆ. 2001:4860:4860::8888:443 ಎಂದು ಬರೆದರೆ 443 ಪೋರ್ಟೋ, ವಿಳಾಸದ ಕೊನೆಯ ತುಂಡೋ? ಸಾಲು ಸೊನ್ನೆಗಳ ಬದಲು ಬರೆಯುವ ‘::’ ಎಷ್ಟು ಸೊನ್ನೆ ಗುಂಪುಗಳನ್ನು ನುಂಗಿದೆ ಎಂಬುದು ಬರಹದಲ್ಲಿಲ್ಲ, ಹಾಗಾಗಿ ಎರಡೂ ಓದು ಸರಿ. ಪಾರ್ಸರ್ (ಬರಹವನ್ನು ಬಿಡಿಸಿ ಓದುವ ಕೋಡ್) ಎಷ್ಟು ಜಾಣನಾದರೂ ಅಲ್ಲಿ ಊಹಿಸಲೇಬೇಕು.

ಈ ಗಂಟನ್ನು ಈಗಿರುವ ಲೋಡ್ ಬ್ಯಾಲೆನ್ಸರ್ ಸಾಧನಗಳು ಒಂದೊಂದು ರೀತಿ ಬಿಡಿಸಿವೆ. ಕೀಪ್‌ಅಲೈವ್‌ಡಿ ವಿಳಾಸಕ್ಕೂ ಪೋರ್ಟ್‌ಗೂ ನಡುವೆ ಖಾಲಿ ಜಾಗ ಬಿಡುತ್ತದೆ. ಎಫ್5 ಬಿಗ್-ಐಪಿ ಐಪಿವಿ6 ವಿಳಾಸದ ನಂತರ ಚುಕ್ಕಿ ಇಟ್ಟು ಪೋರ್ಟ್ ಬರೆಯುತ್ತದೆ. ಎಚ್‌ಎ‌ಪ್ರಾಕ್ಸಿ ಕೊನೆಯ ಕೋಲನ್ ಪೋರ್ಟ್‌ನದೇ ಎಂದು ತೀರ್ಮಾನಿಸಿತು. ಎಂಜಿನ್‌ಎಕ್ಸ್, ಐಪಿವಿಎಸ್‌ಅಡ್ಮ್ ಎರಡೂ ಬ್ರ್ಯಾಕೆಟ್ ಕೇಳುತ್ತವೆ. ಚುಕ್ಕಿಯ ದಾರಿ ನಮಗೆ ಒಗ್ಗುವುದಿಲ್ಲ. ಬಾಲದಲ್ಲಿ ಹಳೆಯ ಐಪಿವಿ4 ಕಟ್ಟಿಕೊಂಡ ವಿಳಾಸಗಳಲ್ಲಿ ಮೊದಲೇ ಮೂರು ಚುಕ್ಕಿ ಇರುತ್ತವೆ, ನಾಲ್ಕನೆಯದು ಕಣ್ಣಿಗೆ ಬೀಳುವುದೇ ಇಲ್ಲ. ಹೊಸದಾಗಿ ಬರೆಯುವವರು ಬ್ರ್ಯಾಕೆಟ್ಟನ್ನೇ ಹಿಡಿಯಲಿ. ಯುಆರ್‌ಎಲ್‌ಗಳಿಗೆ ಈ ಪದ್ಧತಿ 1999ರ ಆರ್‌ಎಫ್‌ಸಿ (ಅಂತರ್ಜಾಲದ ನಿಯಮಗಳ ದಾಖಲೆ) 2732ರಲ್ಲೇ ಬಂತು. ಪೋರ್ಟ್ ಜೊತೆಗೆ ಬರೆಯುವಾಗ ಹೀಗೇ ಇರಲಿ ಎಂದು 2010ರ ಆರ್‌ಎಫ್‌ಸಿ 5952 ಕೂಡ ಹೇಳುತ್ತದೆ.

ಪಾರ್ಸರ್ ಹೀಗೆ ಸಾಗಲಿ. ಮೊದಲ ಅಕ್ಷರ ‘[’ ಆದರೆ ‘]’ ಹುಡುಕಿ. ಅದರಾಚೆ ಏನೂ ಇರಬಾರದು, ಇಲ್ಲವೇ ಒಂದು ಕೋಲನ್ ಮತ್ತು ಅಂಕಿಗಳು ಮಾತ್ರ ಇರಬೇಕು. ಬ್ರ್ಯಾಕೆಟ್ ಇಲ್ಲದಿದ್ದರೆ ಕೋಲನ್ ಎಣಿಸಿ: ಒಂದೂ ಇಲ್ಲದಿದ್ದರೆ ಬರೀ ವಿಳಾಸ ಅಥವಾ ಹೆಸರು, ಒಂದಿದ್ದರೆ ಪೋರ್ಟ್ ಉಂಟು. ಎರಡು ಅಥವಾ ಹೆಚ್ಚು ಇದ್ದರೆ ‘ಐಪಿವಿ6 ವಿಳಾಸವನ್ನು ಬ್ರ್ಯಾಕೆಟ್‌ನಲ್ಲಿ ಬರೆಯಿರಿ’ ಎಂದು ಸಾಲಿನ ಸಂಖ್ಯೆ ಸಹಿತ ದೂರು ಕೊಟ್ಟು ನಿಲ್ಲಿ. ಇಲ್ಲಿ ಉದಾರತೆ ಬೇಡ. ‘/64’ ಥರದ ಪ್ರಿಫಿಕ್ಸ್ (ವಿಳಾಸದ ಮೊದಲ ಎಷ್ಟು ಬಿಟ್ ಜಾಲದ್ದು ಎಂಬ ಗುರುತು) ಬರೆಯುವ ಕಡೆ ಪೋರ್ಟೇ ಇರುವುದಿಲ್ಲ, ಅಲ್ಲಿ ಬ್ರ್ಯಾಕೆಟ್ ಬೇಕಿಲ್ಲ.

ಬ್ರ್ಯಾಕೆಟ್ ಒಳಗಿನ ಭಾಗವನ್ನು ನೀವೇ ಬಿಡಿಸಲು ಹೋಗದೆ ‘ಇನೆಟ್_ಪಿಟಾನ್’ ಎಂಬ ಸಿದ್ಧ ಫಂಕ್ಷನ್‌ಗೆ ಕೊಡಿ, ಸಿಕ್ಕ 16 ಬೈಟ್‌ಗಳನ್ನೇ ಇಟ್ಟುಕೊಳ್ಳಿ. 2001:4860:4860::8888 ಮತ್ತು 2001:4860:4860:0:0:0:0:8888 ಒಂದೇ ವಿಳಾಸ. ಅಕ್ಷರ ಹೋಲಿಸಿ ನೋಡುವ ಪ್ರೋಗ್ರಾಮ್ ಅದನ್ನು ಎರಡು ಸರ್ವರ್ ಎಂದು ಎಣಿಸಿ ಒಂದೇ ಯಂತ್ರಕ್ಕೆ ದುಪ್ಪಟ್ಟು ಹೊರೆ ಹಾಕುತ್ತದೆ.

ಹಳೆಯ ಕೋಡ್‌ನಲ್ಲಿ 16 ಅಕ್ಷರಗಳ ಬಫರ್‌ಗಳು (ಬರಹ ಇಡಲು ಕಾದಿರಿಸಿದ ಜಾಗ) ಅಡಗಿರುತ್ತವೆ, ಹುಡುಕಿ ತೆಗೆಯಿರಿ. ಐಪಿವಿ6 ಬರಹಕ್ಕೆ ಕೊನೆಯ ಸೊನ್ನೆ ಬೈಟ್ ಸೇರಿ 46 ಬೇಕು. ಬ್ರ್ಯಾಕೆಟ್, ಕೋಲನ್, ಐದಂಕಿಯ ಪೋರ್ಟ್ ಸೇರಿದರೆ 54. ಲಿಂಕ್-ಲೋಕಲ್ (ಸ್ಥಳೀಯ ಜಾಲದೊಳಗೆ ಮಾತ್ರ ಸಲ್ಲುವ) ವಿಳಾಸದ ಬೆನ್ನಿಗೆ ಶೇಕಡಾ ಚಿಹ್ನೆ, ಇಂಟರ್‌ಫೇಸ್ ಹೆಸರು ಬಂದರೆ ಲಿನಕ್ಸ್‌ನಲ್ಲಿ ಇನ್ನೂ 16.

ಕಾನ್ಫಿಗ್ ಫೈಲ್ ಯಾಮಲ್ ಎಂಬ ಬರವಣಿಗೆ ರೂಪದಲ್ಲಿದ್ದರೆ ‘[’ ಎಂದರೆ ಪಟ್ಟಿಯ ಆರಂಭ. [::]:80 ಎಂಬುದನ್ನು ಉದ್ಧರಣ ಚಿಹ್ನೆಯೊಳಗೇ ಬರೆಯಬೇಕೆಂದು ಕೈಪಿಡಿಯ ಮೊದಲ ಉದಾಹರಣೆಯಲ್ಲೇ ತೋರಿಸಿ.

ಪ್ರಶ್ನೆ: ಎಚ್‌ಎ‌ಪ್ರಾಕ್ಸಿಯ ‘ಸರ್ವರ್’ ಸಾಲಿನಲ್ಲಿ ಪೋರ್ಟ್ ಇಲ್ಲದೆ 2001:4860:4860::1:25 ಎಂದು ಬರೆದರೆ ಸಂಪರ್ಕ ಎಲ್ಲೆಲ್ಲಿಗೋ ಹೋಗುತ್ತದೆ. ಏಕೆ?
– ಓದುಗರು, ಹುಬ್ಬಳ್ಳಿ

ಉತ್ತರ: ಎಲ್ಲೆಲ್ಲಿಗೋ ಅಲ್ಲ, 2001:4860:4860::1ರ 25ನೇ ಪೋರ್ಟ್‌ಗೆ. ಮೇಲೆ ಹೇಳಿದ ಕೊನೆಯ ಕೋಲನ್ ನಿಯಮದ ಫಲ ಇದು. ಬರಹ ವ್ಯಾಕರಣಬದ್ಧವಾಗಿಯೇ ಇರುವುದರಿಂದ ‘-ಸಿ’ ಹಾಕಿ ಫೈಲ್ ಪರೀಕ್ಷಿಸಿದರೂ ತಪ್ಪು ಸಿಗುವುದಿಲ್ಲ. ಬ್ರ್ಯಾಕೆಟ್ ಹಾಕಿ, ಇಲ್ಲವೇ ಪೋರ್ಟ್ ಇಲ್ಲದಿದ್ದರೂ ಕೊನೆಗೊಂದು ಕೋಲನ್ ಉಳಿಸಿ. ಆಗ ಗ್ರಾಹಕ ಯಾವ ಪೋರ್ಟ್‌ಗೆ ಬಂದನೋ ಅದೇ ಪೋರ್ಟ್ ಸರ್ವರ್‌ಗೂ ಅನ್ವಯಿಸುತ್ತದೆ. ‘ಬೈಂಡ್ :::80’ ಎಂಬ ಮೂರು ಕೋಲನ್‌ಗಳ ವಿಚಿತ್ರ ಸಾಲಿಗೂ ಇದೇ ಲೆಕ್ಕ: ಮೊದಲೆರಡು ‘ಎಲ್ಲ ಐಪಿವಿ6 ವಿಳಾಸ’, ಮೂರನೆಯದು ಪೋರ್ಟ್‌ನದು. ಅದೇ ಸಾಕೆಟ್‌ನಲ್ಲಿ (ಸಂಪರ್ಕಕ್ಕೆ ತೆರೆದಿಟ್ಟ ಬಾಗಿಲು) ಐಪಿವಿ4 ಕೂಡ ಬೇಕಾದರೆ ಪಕ್ಕದಲ್ಲಿ ‘ವಿ4ವಿ6’, ಬೇಡವಾದರೆ ‘ವಿ6ಓನ್ಲಿ’ ಎಂದು ಬರೆಯಿರಿ.

ಪ್ರಶ್ನೆ: ಎಂಜಿನ್‌ಎಕ್ಸ್‌ನಲ್ಲಿ ‘ಲಿಸನ್ 80’ ಜೊತೆ ‘ಲಿಸನ್ [::]:80 ಐಪಿವಿ6ಓನ್ಲಿ=ಆಫ್’ ಹಾಕಿದರೆ ವಿಳಾಸ ಬಳಕೆಯಲ್ಲಿದೆ ಎಂದು 98ನೇ ದೋಷ ಬರುತ್ತದೆ.
– ಓದುಗರು, ಮಂಗಳೂರು

ಉತ್ತರ: ‘ಆಫ್’ ಎಂದರೆ ಐಪಿವಿ6 ಸಾಕೆಟ್ ಐಪಿವಿ4ರ 80ನ್ನೂ ತಾನೇ ಕೇಳುತ್ತದೆ. ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರಾದರು. ಆ ಪದವನ್ನು ತೆಗೆದುಬಿಡಿ. 1.3.4ನೇ ಆವೃತ್ತಿಯಿಂದೀಚೆಗೆ ‘ಆನ್’ ಎಂಬುದೇ ಪೂರ್ವನಿಯೋಜಿತ. ಈ ಗುಣ ಆರಂಭದಲ್ಲಿ ಒಮ್ಮೆ ಮಾತ್ರ ನಿಗದಿಯಾಗುತ್ತದೆ, ಬದಲಿಸಿದ ಮೇಲೆ ರೀಲೋಡ್ ಸಾಲದು, ರೀಸ್ಟಾರ್ಟ್ ಬೇಕು. ಎರಡು ಸಾಲು ಬರೆಯುವುದರಲ್ಲಿ ಇನ್ನೊಂದು ಲಾಭವಿದೆ. ಒಂದೇ ಸಾಕೆಟ್ ಆದರೆ ಲಾಗ್‌ನಲ್ಲಿ ಐಪಿವಿ4 ಗ್ರಾಹಕರು ‘::ಎಫ್‌ಎಫ್‌ಎಫ್‌ಎಫ್:’ ಎಂಬ ಪೂರ್ವಪದ ಹೊತ್ತು ಬರುತ್ತಾರೆ, ಲಾಗ್ ಓದುವ ಹಳೆಯ ಸ್ಕ್ರಿಪ್ಟ್‌ಗಳು ಅಲ್ಲೇ ಎಡವುತ್ತವೆ.

ಪ್ರಶ್ನೆ: ಎಚ್‌ಎ‌ಪ್ರಾಕ್ಸಿಯಲ್ಲಿ ಪ್ರತಿ ವಿಳಾಸಕ್ಕೂ ಕೋರಿಕೆಗಳ ಮಿತಿ ಹಾಕಿದ್ದೇವೆ. ಐಪಿವಿ6 ಬಂದಮೇಲೆ ಅದು ಕೆಲಸ ಮಾಡುತ್ತಿಲ್ಲ.
– ಓದುಗರು, ಮೈಸೂರು

ಉತ್ತರ: ನಿಮ್ಮ ಸ್ಟಿಕ್-ಟೇಬಲ್‌ನ (ಗ್ರಾಹಕರ ಲೆಕ್ಕ ಇಡುವ ಕೋಷ್ಟಕ) ‘ಟೈಪ್’ ನೋಡಿ. ‘ಐಪಿ’ ಎಂದಿದ್ದರೆ ಅದರಲ್ಲಿ ಐಪಿವಿ4 ಮಾತ್ರ ಹಿಡಿಸುತ್ತದೆ. ‘ಐಪಿವಿ6’ ಎಂದು ಬದಲಿಸಿ, ಹಳೆಯ ವಿಳಾಸಗಳೂ ಅದರಲ್ಲೇ ಕೂರುತ್ತವೆ. ಅಷ್ಟಕ್ಕೇ ಬಿಟ್ಟರೆ ಪ್ರಯೋಜನವಿಲ್ಲ. ಒಂದು ಮನೆಗೆ ಸಾಮಾನ್ಯವಾಗಿ ಇಡೀ ‘/64’ ಸಿಗುತ್ತದೆ, ಕಿಡಿಗೇಡಿ ಪ್ರತಿ ಕೋರಿಕೆಗೂ ಹೊಸ ವಿಳಾಸ ಧರಿಸಿ ಬರಬಲ್ಲ. ಆ ಕೋಷ್ಟಕದಲ್ಲಿ ಗ್ರಾಹಕರನ್ನು ಗುರುತಿಸುವ ಕೀಲಿಯನ್ನು ‘ಎಸ್‌ಆರ್‌ಸಿ,ಐಪಿಮಾಸ್ಕ್(32,64)’ ಎಂದು ಬರೆಯಿರಿ: ಐಪಿವಿ4 ಪೂರ್ತಿ, ಐಪಿವಿ6 ಆದರೆ ಮೊದಲ 64 ಬಿಟ್. ಎಂಜಿನ್‌ಎಕ್ಸ್‌ನ ‘ಬೈನರಿ_ರಿಮೋಟ್_ಅಡ್ರ್’ ಐಪಿವಿ6 ವಿಳಾಸದ ಎಲ್ಲ 16 ಬೈಟ್‌ಗಳನ್ನೂ ಕೀಲಿಯಾಗಿ ಬಳಸುತ್ತದೆ, ಹಾಗಾಗಿ ಅಲ್ಲೂ ಇದೇ ರಂಧ್ರ ಇದೆ.