ಆಶಾ ಕೆಲಸ ಬಿಟ್ಟು ದೇವರ ಸೇವೆಗೆ ಹೋಗಲಾ?

ಪ್ರಶ್ನೆ: ನಂಗೆ 36 ವರ್ಷ. ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಗಂಡ ಅಡಿಕೆ ತೋಟದ ಕೂಲಿಗೆ ಹೋಗ್ತಾರೆ, ಇಬ್ಬರು ಮಕ್ಕಳು. ಹುಟ್ಟಿನಿಂದಲೂ ಕ್ರೈಸ್ತರು. ಕಳೆದ ತಿಂಗಳು ಗೆಳತಿ ಶಿವಮೊಗ್ಗದ ಉಪವಾಸ ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದಳು. ನನ್ನನ್ನು ಮೊದಲ ಸಲ ನೋಡಿದ ಪಾಸ್ಟರ್ ತಲೆ ಮೇಲೆ ಕೈಯಿಟ್ಟು, ‘ದೇವರು ನಿನ್ನನ್ನು ಪೂರ್ಣಾವಧಿ ಸೇವೆಗೆ ಕರೆದಿದ್ದಾನೆ, ಲೋಕದ ಕೆಲಸ ಬಿಡು’ ಅಂದರು. ಸುತ್ತಲಿದ್ದವರು ಅಳುತ್ತಾ ಅನ್ಯಭಾಷೆಯಲ್ಲಿ, ಅಂದರೆ ದೇವರ ಆತ್ಮವೇ ಆಡಿಸುತ್ತೆ ಅನ್ನುವ ಅರ್ಥವಾಗದ ಮಾತಲ್ಲಿ, ಪ್ರಾರ್ಥಿಸುತ್ತಿದ್ದರು. ನಂಗೆ ಏನೂ ಆಗಲಿಲ್ಲ. ನಂಬಿಕೆ ಸಾಲದ್ದಕ್ಕೇ ದೇವರ ಆತ್ಮದ ಅಭಿಷೇಕ ಆಗಿಲ್ಲ ಅಂತಾಳೆ ಗೆಳತಿ. ಗಂಡ ಕೆಲಸ ಬಿಡಬೇಡ ಅಂತಾರೆ. ಹೋದ ವಾರ ಜ್ವರ ಬಂದ ಅಜ್ಜಿಯೊಬ್ಬರು ಮಗ ಎಷ್ಟು ಹೇಳಿದರೂ ಆಸ್ಪತ್ರೆಗೆ ಹೊರಡಲಿಲ್ಲ, ನಾನು ಹೋದ ಮೇಲೆ ಎದ್ದರು. ಅಂಥ ಹೊತ್ತಲ್ಲಿ ಮನಸ್ಸಲ್ಲೇ ಪ್ರಾರ್ಥಿಸುತ್ತೇನೆ. ಅದು ತಪ್ಪಾ? ದೇವರ ಕರೆ ಅಂತ ಗೊತ್ತಾಗುವುದು ಹೇಗೆ?

ಉತ್ತರ: ಮೊದಲು ಇಷ್ಟು ಕೇಳಿ. ಕೆಲಸ ಬಿಡಬೇಡಿ. ಈಗಂತೂ ಬೇಡವೇ ಬೇಡ.

ಅಜ್ಜಿಯ ವಿಷಯ ಸುಮ್ನೆ ಒಂದು ಮಾತಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನಗೆ ನಿಮ್ಮ ಪತ್ರದಲ್ಲಿ ಮುಖ್ಯ ಅನ್ನಿಸಿದ್ದು ಅದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇವತ್ತಿಗೂ ಮಲೆನಾಡನ್ನು ಬಿಟ್ಟಿಲ್ಲ. ಚಳಿಗಾಲದಿಂದ ಮಳೆ ಹಿಡಿಯುವ ತನಕ ಅದರ ಕಾಟ. ಕೊಟ್ಟಿಗೆಗೆ ದರಗು, ಅಂದರೆ ಒಣಗಿದ ಎಲೆ, ತರಲು ಕಾಡಿಗೆ ಹೋಗುವವರಿಗೆ ಉಣ್ಣೆ ಹುಳ ಕಚ್ಚುತ್ತದೆ, ಕಾಯಿಲೆ ಬರುವುದು ಅದರಿಂದಲೇ. ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ ಅಂತ ಗೋಡೆ ಮೇಲಿನ ಪೋಸ್ಟರೂ ಹೇಳುತ್ತದೆ, ಅಜ್ಜಿಯ ಮಗನೂ ಹೇಳಿದ. ಅಜ್ಜಿ ಎದ್ದದ್ದು ಮಾತ್ರ ನಿಮ್ಮ ಮಾತಿಗೆ. ಮಳೆಗಾಲದಲ್ಲಿ ಹಳ್ಳದ ಕಾಲುಸಂಕ ದಾಟಿ, ಬಾಣಂತಿ ಅಂತ, ಮಗುವಿನ ಲಸಿಕೆ ಅಂತ ಆ ಒಂಟಿ ಮನೆಗಳ ಅಂಗಳ ತುಳಿದಿದ್ದೀರಲ್ಲ, ಆ ನಂಬಿಕೆ ಹಾಗೆ ಬಂದದ್ದು. ಅದರಲ್ಲಿ ನಿಮ್ಮ ದುಡಿಮೆ ಎಷ್ಟು, ದೇವರು ಕೊಟ್ಟ ಬಲ ಎಷ್ಟು ಅಂತ ಬೇರೆ ಬೇರೆ ಮಾಡಿ ಹೇಳೋಕಾಗುತ್ತಾ? ನನಗಂತೂ ಆಗಲ್ಲ.

ಬೈಬಲ್ ಕೂಡ ಹಾಗೆ ಬೇರೆ ಮಾಡುವುದಿಲ್ಲ. ವಿಮೋಚನಕಾಂಡದ 31ನೇ ಅಧ್ಯಾಯ ತೆಗೆದು ನೋಡಿ. ದೇವರು ತನ್ನ ಆತ್ಮದಿಂದ ತುಂಬಿಸಿದೆ ಅಂತ ಅಲ್ಲಿ ಹೇಳುವುದು ಪ್ರವಾದಿಯ ಬಗ್ಗೆ ಅಲ್ಲ, ಯಾಜಕನ ಬಗ್ಗೆಯೂ ಅಲ್ಲ. ಬೆಚಲೇಲ ಅನ್ನುವ ಕಸುಬುದಾರನ ಬಗ್ಗೆ. ಚಿನ್ನ, ಬೆಳ್ಳಿ, ಕಲ್ಲು, ಮರದ ಕೆಲಸ ಅವನದು. ಇನ್ನು ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ. ವಿಧವೆಯರಿಗೆ ದಿನದ ಊಟ ಹಂಚುವುದರಲ್ಲಿ ತಕರಾರು ಎದ್ದಾಗ ಅದರ ಉಸ್ತುವಾರಿಗೆ ಏಳು ಜನ ಬೇಕಾಯಿತು. ಒಳ್ಳೆಯ ಹೆಸರಿರಬೇಕು, ಬುದ್ಧಿ ಇರಬೇಕು, ಪವಿತ್ರಾತ್ಮ ತುಂಬಿದವರಾಗಿರಬೇಕು ಅಂದರು ಯೇಸುವಿನ ಶಿಷ್ಯರಾದ ಅಪೊಸ್ತಲರು. ಊಟ ಬಡಿಸುವ ವ್ಯವಸ್ಥೆಗೆ! ‘ಲೋಕದ ಕೆಲಸ’ ಅನ್ನುವ ಮಾತು ಕೇಳಿದರೆ ನನಗೆ ಕಿರಿಕಿರಿಯಾಗುವುದು ಇದಕ್ಕೇ.

ಅನ್ಯಭಾಷೆ ಬರಲಿಲ್ಲ ಅಂತ ಕೊರಗಬೇಡಿ. ಆ ವರಕ್ಕೆ ಕೆಲವು ಸಭೆಗಳಲ್ಲಿ ದೊಡ್ಡ ಸ್ಥಾನವಿದೆ, ನಾನದನ್ನು ಹಗುರ ಮಾಡುತ್ತಿಲ್ಲ. ಆದರೆ ಎಲ್ಲರೂ ಅನ್ಯಭಾಷೆ ಆಡುತ್ತಾರೋ ಅಂತ ಕೊರಿಂಥದವರನ್ನು ಕೇಳಿದವನು ಅಪೊಸ್ತಲ ಪೌಲನೇ. ಅದಕ್ಕೆ ಸ್ವಲ್ಪ ಮೊದಲು ಕೊಡುವ ವರಗಳ ಪಟ್ಟಿಯಲ್ಲಿ ಸಹಾಯ ಮಾಡುವುದೂ ಇದೆ. ಗೆಳತಿಗೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯ ಪೂರ್ತಿ ಓದಲು ಹೇಳಿ.

ಹಾಗಾದರೆ ಪಾಸ್ಟರ್ ಹೇಳಿದ್ದು ಸುಳ್ಳಾ? ಹಾಗೂ ಹೇಳಲಾರೆ. ಪ್ರವಾದನೆಯನ್ನು ತಾತ್ಸಾರ ಮಾಡಬೇಡಿ, ಆದರೆ ಎಲ್ಲವನ್ನೂ ಪರೀಕ್ಷಿಸಿ ನೋಡಿ ಅಂತ ಪೌಲ ಥೆಸಲೊನೀಕದವರಿಗೆ ಬರೆದ. ಪರೀಕ್ಷಿಸಲು ಸಮಯ ಬೇಕು, ನಿಮ್ಮನ್ನು ಬಲ್ಲವರು ಬೇಕು. ಬಾಲಕ ಸಮುವೇಲ ದೇವರ ದನಿಗೆ ಮೂರು ಸಲ ಯಾಜಕ ಏಲಿಯ ಹತ್ತಿರ ಓಡಿದ. ಅದು ಯಾರ ಕರೆ ಅಂತ ಗುರುತಿಸಿದ್ದು ಜೊತೆಗಿದ್ದು ಅವನನ್ನು ಬೆಳೆಸುತ್ತಿದ್ದ ಆ ಮುದುಕ. ನಿಮ್ಮ ಊರಿನ ಸಭಾಪಾಲಕರ ಹತ್ತಿರ ಹೋಗಿ. ಚರ್ಚ್‌ನಲ್ಲಿ ನಿಮ್ಮನ್ನು ಚಿಕ್ಕಂದಿನಿಂದ ನೋಡಿದ ಹಿರಿಯರೊಬ್ಬರನ್ನೂ ಕೇಳಿ. ಕರೆ ನಿಜವಾದರೆ ಒಂದು ಮಳೆಗಾಲ ಕಾದರೂ ಎಲ್ಲಿಗೂ ಹೋಗುವುದಿಲ್ಲ.

ಆ ಪಾಸ್ಟರನ್ನೂ ನೇರವಾಗಿ ಕೇಳಿ. ಪೂರ್ಣಾವಧಿ ಸೇವೆ ಅಂದರೆ ಏನು ಕೆಲಸ, ಎಲ್ಲಿ, ತಿಂಗಳ ಖರ್ಚು ಯಾರದು, ಮಕ್ಕಳ ಸ್ಕೂಲಿನ ಕಥೆ ಏನು? ಉತ್ತರದ ಬದಲು ‘ನಂಬಿಕೆ ಇಲ್ವಾ?’ ಅನ್ನುವ ಪ್ರಶ್ನೆ ಬಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ನಿಮ್ಮ ಯಜಮಾನರು ದೇವರಿಗೆ ಅಡ್ಡ ನಿಂತಿಲ್ಲ. ತೋಟದ ಕೂಲಿ ವರ್ಷಪೂರ್ತಿ ಒಂದೇ ಸಮ ಇರಲ್ಲ ಅಂತ ಅವರಿಗೆ ಗೊತ್ತು, ಅಷ್ಟೇ. ಇಬ್ಬರೂ ಕೂತು ಲೆಕ್ಕ ಹಾಕಿ.

ಇನ್ನು ಪ್ರಾರ್ಥನೆಯ ವಿಷಯ. ಮನಸ್ಸಲ್ಲೇ ಮಾಡುವುದರಲ್ಲಿ ತಪ್ಪೇನೂ ಇಲ್ಲ, ಧಾರಾಳವಾಗಿ ಮಾಡಿ. ರಿಜಿಸ್ಟರ್ ಹಿಡಿದು ಹೋದ ಮನೆಯಲ್ಲಿ ಬಾಯಿಬಿಟ್ಟು ಬೇಡ. ಅವರಿಗೆ ಮಾತ್ರೆ ನಿಮ್ಮಿಂದಲೇ ಬರಬೇಕು, ಉಣ್ಣೆ ಕಚ್ಚದಂತೆ ಹಚ್ಚುವ ಎಣ್ಣೆಯೂ ನಿಮ್ಮಿಂದಲೇ. ನೀವು ಪ್ರಾರ್ಥಿಸಲಾ ಅಂತ ಕೇಳಿದರೆ ಬೇಡ ಅನ್ನಲು ಅವರಿಗೆ ಸಂಕೋಚ ಆಗುತ್ತೆ, ಅಲ್ವಾ? ಮತಾಂತರಕ್ಕೆ ಬಂದಳು ಅನ್ನುವ ಗುಮಾನಿ ಒಮ್ಮೆ ಹುಟ್ಟಿದರೆ ಮುಂದಿನ ಜ್ವರಕ್ಕೆ ನಿಮ್ಮನ್ನು ಒಳಗೇ ಬಿಡುವುದಿಲ್ಲ. ಅವರಾಗೇ ‘ನಮಗೋಸ್ಕರ ನಿಮ್ಮ ದೇವರಲ್ಲಿ ಕೇಳ್ಕೊಳ್ಳಮ್ಮಾ’ ಅಂದರೆ ಆ ಮಾತು ಬೇರೆ. ಆಗಲೂ ಕೆಲಸ ಮುಗಿಸಿ, ಯೂನಿಫಾರ್ಮ್ ಸೀರೆ ಬದಲಿಸಿ, ಸಂಜೆ ಹೋಗಿ ಕೂತು ಪ್ರಾರ್ಥಿಸಿ.