ತೀರ್ಪಿನಲ್ಲಿ ಇಲ್ಲದ ಶಿಕ್ಷೆಯ ಬಗ್ಗೆ ಬರೆಯಿರಿ

ನಮಸ್ಕಾರ.

ನೀವು ಕಳಿಸಿದ 'ಶಿಕ್ಷೆ ಮತ್ತು ಮಾನವೀಯತೆ' ಲೇಖನವನ್ನು ಪೂರ್ತಿ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ಕೈಬಿಡಬೇಡಿ. ಗಲ್ಲು ಶಿಕ್ಷೆ ಬೇಡ ಅನ್ನುವ ನಿಮ್ಮ ನಿಲುವೇ ನನ್ನದೂ. ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ. ಇದನ್ನು ಓದಿ ಯಾರೂ ಮನಸ್ಸು ಬದಲಿಸುವುದಿಲ್ಲ. ಮೊದಲೇ ಒಪ್ಪಿದವರು ತಲೆಯಾಡಿಸುತ್ತಾರೆ. ಒಪ್ಪದವರು ಎರಡನೇ ಪ್ಯಾರಾಕ್ಕೇ ಪುಟ ತಿರುಗಿಸುತ್ತಾರೆ.

ಲೇಖನ 1948ರ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯಿಂದ ಶುರುವಾಗುತ್ತದೆ. ನಾರ್ವೆಯ ಜೈಲುಗಳನ್ನು ಹೊಗಳುತ್ತದೆ. ಗಾಂಧೀಜಿ ಮಾತಿನೊಂದಿಗೆ ಮುಗಿಯುತ್ತದೆ. ನಡುವೆ ಎಲ್ಲೂ ಒಬ್ಬ ಮನುಷ್ಯ ಕಾಣಿಸುವುದಿಲ್ಲ. ಸತ್ತವರಿಲ್ಲ, ಕೊಂದವನಿಲ್ಲ, ಸೆಲ್ಲಿಗೆ ಬೀಗ ಹಾಕುವ ವಾರ್ಡರ್ ಇಲ್ಲ. ಇರುವ ಒಂದೇ ಉದಾಹರಣೆ, ತಪ್ಪೇ ಮಾಡದೆ ಜೈಲು ಸೇರಿದ ಬಡ ರೈತನದು. ಅವನೂ ನಿಮ್ಮ ಕಲ್ಪನೆಯವನು. ನಿರಪರಾಧಿಗೆ ಶಿಕ್ಷೆ ಆಗಬಾರದು ಅಂದರೆ ಯಾರು ತಾನೇ ಬೇಡ ಅಂತಾರೆ? ಘೋರ ಕೃತ್ಯವನ್ನು ನಿಜವಾಗಿಯೂ ಮಾಡಿದವನಿಗೂ ಹಕ್ಕು ಇದೆಯಾ, ಇದ್ದರೆ ಯಾಕೆ, ಅದನ್ನು ಬರೆಯಿರಿ. ನಿಮ್ಮ ವಾದ ಗಟ್ಟಿಯೋ ಪೊಳ್ಳೋ ಅಲ್ಲಿ ಗೊತ್ತಾಗುತ್ತದೆ.

ಅದಕ್ಕೆ ದೂರ ಹೋಗಬೇಕಾಗಿಲ್ಲ. ಬಿ.ಎ. ಉಮೇಶ್ ಪ್ರಕರಣದ ತೀರ್ಪುಗಳನ್ನು ಓದಿ. 1998ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ಅವರ ಮನೆಯಲ್ಲೇ ಅತ್ಯಾಚಾರ ಮಾಡಿ, ಕೊಲೆ ಮಾಡಿದ ಪ್ರಕರಣ ಅದು. ಅಪರಾಧಿ ಹಿಂದೆ ಪೊಲೀಸ್ ಪೇದೆಯಾಗಿದ್ದವನು. ಏಳು ವರ್ಷದ ಮಗ ಮನೆಗೆ ಬಂದಾಗ ಅವನಿನ್ನೂ ಒಳಗೇ ಇದ್ದ. ಅಮ್ಮನಿಗೆ ದೆವ್ವ ಹಿಡಿದಿದೆ, ಡಾಕ್ಟರನ್ನು ಕರೆದುಕೊಂಡು ಬರುತ್ತೇನೆ ಅಂತ ಆ ಮಗುವಿಗೆ ಹೇಳಿ ಹೊರಟುಹೋದ.

ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ. ಆ ಮನೆಯಿಂದ, ಆ ಮಗುವಿನಿಂದ. 'ಅವಳ ಹಕ್ಕು ಏನಾಯ್ತು?' ಅಂತ ಓದುಗ ಕೇಳೇ ಕೇಳುತ್ತಾನೆ. ಅದು ಕೆಟ್ಟ ಪ್ರಶ್ನೆಯಲ್ಲ. ನೀವು ಅದನ್ನು 'ಸೇಡಿನ ಮನೋಭಾವ' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಹಾಗೆ ಮಾಡಬೇಡಿ, ಅದಕ್ಕೆ ಪೂರ್ತಿ ಜಾಗ ಕೊಡಿ. ಒಂದು ಎಚ್ಚರಿಕೆ: ಅತ್ಯಾಚಾರಕ್ಕೆ ಒಳಗಾದವರ ಹೆಸರು ಬರೆಯಬಾರದು, ಮಗನ ಹೆಸರೂ ಬೇಡ. ಹಳೆಯ ದಾಖಲೆಗಳಲ್ಲಿ ಹೆಸರು ಸಿಕ್ಕಿತು ಅಂತ ಸುಮ್ನೆ ಎತ್ತಿ ಹಾಕಬೇಡಿ.

ಇನ್ನು ಶಿಕ್ಷೆಯ ಕಥೆ. 2006ರಲ್ಲಿ ಬೆಂಗಳೂರಿನ ಸೆಷನ್ಸ್ ಕೋರ್ಟ್ ಗಲ್ಲು ವಿಧಿಸಿತು. ಹೈಕೋರ್ಟ್ ಎತ್ತಿಹಿಡಿಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿಯಿತು. 2013ರ ಮೇನಲ್ಲಿ ರಾಷ್ಟ್ರಪತಿಗಳು ಕ್ಷಮಾದಾನದ ಅರ್ಜಿಯನ್ನು ತಿರಸ್ಕರಿಸಿದರು. ಆದರೆ 2006ರಲ್ಲಿ ಮೊದಲ ತೀರ್ಪು ಬಂದಾಗಿನಿಂದಲೇ ಅವನನ್ನು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಒಂಟಿ ಸೆಲ್ಲಿಗೆ ಹಾಕಿದ್ದರು. ಅಲ್ಲಿಂದ ಹೊರಗೆ ತಂದದ್ದು 2016ರಲ್ಲಿ. ಹತ್ತು ವರ್ಷ ಒಬ್ಬನೇ.

ಈ ಹತ್ತು ವರ್ಷವನ್ನು ಕಾನೂನಿನ ಪಕ್ಕದಲ್ಲಿಟ್ಟು ನೋಡಿ. ಹಳೆಯ ದಂಡ ಸಂಹಿತೆಯ 73 ಮತ್ತು 74ನೇ ಕಲಮಿನ ಪ್ರಕಾರ, ಕೋರ್ಟೇ ಒಂಟಿ ಸೆರೆ ವಿಧಿಸಿದರೂ ಅದು ಒಟ್ಟು ಮೂರು ತಿಂಗಳು ಮೀರಬಾರದು. ಒಂದು ಸಲಕ್ಕೆ 14 ದಿನ ದಾಟಬಾರದು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೇ ಮಿತಿ ಇದೆ. ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಅಂತ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳು ಸತತ 15 ದಿನಕ್ಕಿಂತ ಜಾಸ್ತಿ ಒಂಟಿ ಸೆರೆ ಕೂಡದು ಅನ್ನುತ್ತವೆ. ವಿಶ್ವಸಂಸ್ಥೆಯನ್ನು ತರಲೇಬೇಕು ಅಂದರೆ ಇಲ್ಲಿ ತನ್ನಿ. ಇಲ್ಲಿ ಅದಕ್ಕೆ ಕೆಲಸ ಇದೆ.

ಹಾಗಾದರೆ ಜೈಲಿನವರು ಯಾವ ಧೈರ್ಯದ ಮೇಲೆ ಹಾಕಿದರು? 1894ರ ಕಾರಾಗೃಹ ಕಾಯ್ದೆಯ 30ನೇ ಕಲಮು ಗಲ್ಲು ಶಿಕ್ಷೆಯ ಕೈದಿಯನ್ನು ಬೇರೆಯವರಿಂದ ದೂರ, ಪ್ರತ್ಯೇಕ ಸೆಲ್ಲಿನಲ್ಲಿ, ಹಗಲೂ ರಾತ್ರಿ ಕಾವಲಿನಲ್ಲಿ ಇಡಬೇಕು ಅನ್ನುತ್ತದೆ. ಆದರೆ 1978ರಲ್ಲೇ, ತಿಹಾರ್ ಜೈಲಿನ ಸುನಿಲ್ ಬಾತ್ರಾ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಇದರ ಅರ್ಥವನ್ನು ಬಿಡಿಸಿ ಹೇಳಿತ್ತು. ಮೇಲ್ಮನವಿ, ಕ್ಷಮಾದಾನದ ಅರ್ಜಿ ಎಲ್ಲ ಮುಗಿಯುವ ತನಕ ಒಬ್ಬನನ್ನು ಗಲ್ಲು ಶಿಕ್ಷೆಯ ಕೈದಿ ಅನ್ನುವಂತಿಲ್ಲ. ಈ ಕಲಮನ್ನು ಹಿಡಿದುಕೊಂಡು ಒಂಟಿ ಸೆರೆಗೆ ಹಾಕುವಂತಿಲ್ಲ. ಅಂದರೆ 2006ರಿಂದ 2013ರವರೆಗಿನ ಒಂಟಿ ಸೆರೆ ಅಷ್ಟೂ ಕಾನೂನಿಗೆ ವಿರುದ್ಧ. ಯಾವ ನ್ಯಾಯಾಧೀಶರೂ ಆ ಶಿಕ್ಷೆ ಬರೆದಿರಲಿಲ್ಲ. ಜೈಲೇ ಕೊಟ್ಟುಬಿಟ್ಟಿತು.

2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿತು. ಕನಿಷ್ಠ 30 ವರ್ಷ ಒಳಗೇ ಇರಬೇಕು ಎಂದಿತು. ಕ್ಷಮಾದಾನದ ಅರ್ಜಿಗೆ ಉತ್ತರ ತಡವಾಯಿತು ಅನ್ನುವ ವಾದವನ್ನು ಕೋರ್ಟ್ ಒಪ್ಪಲಿಲ್ಲ. ಒಪ್ಪಿದ್ದು ಒಂಟಿ ಸೆರೆಯ ಕಾರಣವನ್ನು. ಇದೇ ಹಿಂಡಲಗಾದಲ್ಲಿದ್ದ ವೀರಪ್ಪನ್ ಸಹಚರರ ಪ್ರಕರಣ ಬೇರೆ. ಅವರ ಗಲ್ಲು 2014ರಲ್ಲಿ ರದ್ದಾದದ್ದು ಅರ್ಜಿಗೆ ಉತ್ತರ ಬರಲು ಒಂಬತ್ತು ವರ್ಷ ಹಿಡಿದದ್ದಕ್ಕೆ. ಎರಡನ್ನೂ ಬೆರೆಸಬೇಡಿ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಗಲ್ಲಾಗಲಿ ಅಂತ ಕಾದವರಿಗೆ ಆ ಹತ್ತು ವರ್ಷದ ಒಂಟಿ ಸೆರೆಯಿಂದ ಏನು ಸಿಕ್ಕಿತು? ಏನೂ ಇಲ್ಲ. ಬದಲಿಗೆ ಅವರು ಬಯಸಿದ ಶಿಕ್ಷೆ ಬಿದ್ದುಹೋದದ್ದೇ ಅದರಿಂದ. ಗಲ್ಲು ಬೇಕು ಅನ್ನುವವರಿಗೂ ಸಿಟ್ಟು ಬರಬೇಕಾದ ಮಾತು ಇದು, ಅಲ್ವಾ? ನಿಮ್ಮನ್ನು ಒಪ್ಪದ ಓದುಗನ ಜೊತೆ ಮಾತು ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುತ್ತಿಲ್ಲ. ಶಿಕ್ಷೆ ಕೊಡುವ ಅಧಿಕಾರವನ್ನು ನಾವು ಸರ್ಕಾರದ ಕೈಗೆ ಕೊಟ್ಟಿರುವುದು ಅದು ಅಳತೆ ಮೀರುವುದಿಲ್ಲ ಅನ್ನುವ ನಂಬಿಕೆಯ ಮೇಲೆ. ಬೀಗ ಹಾಕಿದ ಬಾಗಿಲ ಹಿಂದೆ ಅಳತೆ ತಪ್ಪಿದರೆ ಕೇಳುವವರು ಯಾರು? ಇದಕ್ಕೆ ಕೈದಿ ಒಳ್ಳೆಯವನಾಗಿರಬೇಕು ಅಂತೇನಿಲ್ಲ. ಅವನ ಮೇಲೆ ಕನಿಕರ ಹುಟ್ಟಿಸಲು ಹೋಗಲೇಬೇಡಿ. ಆ ಕೆಲಸಕ್ಕೆ ಕೈ ಹಾಕಿದರೆ ಓದುಗ ಆ ಮಗುವನ್ನು ನೆನೆದು ನಿಮ್ಮಿಂದ ದೂರ ಹೋಗುತ್ತಾನೆ. ಹೋಗಲೂಬೇಕು.

ತಿದ್ದಬೇಕಾದ ಇನ್ನೆರಡು ತಪ್ಪುಗಳಿವೆ. ಜೀವಾವಧಿ ಎಂದರೆ 14 ವರ್ಷ ಅಂತ ಬರೆದಿದ್ದೀರಿ. ಅಲ್ಲ. ಜೀವಾವಧಿ ಅಂದರೆ ಬದುಕಿರುವ ತನಕ. ಗಲ್ಲಿಗೂ ಅವಕಾಶವಿರುವ ಅಪರಾಧದಲ್ಲಿ ಜೀವಾವಧಿ ಆದವನನ್ನು ಸರ್ಕಾರ ಸಾಮಾನ್ಯವಾಗಿ 14 ವರ್ಷಕ್ಕೆ ಮೊದಲು ಬಿಡುವಂತಿಲ್ಲ, ಆಮೇಲೂ ಬಿಡಲೇಬೇಕು ಅಂತಿಲ್ಲ. ಎರಡನೆಯದು, 'ಕಣ್ಣಿಗೆ ಕಣ್ಣು' ಅಂದರೆ ಲೋಕವೇ ಕುರುಡಾಗುತ್ತದೆ ಅನ್ನುವ ಮಾತು. ಅದನ್ನು ಎಲ್ಲರೂ ಗಾಂಧೀಜಿ ಹೆಸರಿಗೆ ಹಚ್ಚುತ್ತಾರೆ. ಅವರ ಬರಹಗಳಲ್ಲಿ ಹುಡುಕಿದವರಿಗೆ ಸಿಕ್ಕಿಲ್ಲ. ತೆಗೆದುಹಾಕಿ.

ನಾರ್ವೆಯನ್ನೂ ಬಿಡಿ. ಅದು ಇನ್ನೊಂದು ಲೇಖನ. ಅದರ ಬದಲು ನಿವೃತ್ತ ಜೈಲು ಸಿಬ್ಬಂದಿ ಯಾರಾದರೂ ಸಿಗುತ್ತಾರಾ ನೋಡಿ. ಉಚಿತ ಕಾನೂನು ನೆರವಿನ ವಕೀಲರನ್ನು ಮಾತನಾಡಿಸಿ. ಒಂಟಿ ಸೆಲ್ಲಿಗೆ ಊಟ ಹೇಗೆ ಹೋಗುತ್ತದೆ, ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ, ರಾತ್ರಿ ದೀಪ ಆರಿಸುತ್ತಾರಾ, ಇಡೀ ದಿನದಲ್ಲಿ ಅವನ ಕಿವಿಗೆ ಯಾರ ದನಿ ಬೀಳುತ್ತದೆ, ಇದನ್ನೆಲ್ಲ ಕೇಳಿ. ಗೊತ್ತಾಗದಿದ್ದರೆ ಊಹಿಸಿ ಬರೆಯಬೇಡಿ. ಸಿಕ್ಕಿದ್ದಷ್ಟನ್ನು ಬರೆದರೆ ಸಾಕು.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ದಂಡನಾತ್ಮಕ ಪ್ರಭುತ್ವದ ನೈತಿಕ ಅಧಿಷ್ಠಾನ' ಅಂತ ಬರೆದ ಕಡೆ ನೀವು ಮನೆಯಲ್ಲಿ ಹೇಗೆ ಹೇಳುತ್ತೀರೋ ಹಾಗೆ ಬರೆಯಿರಿ. ನಿಮಗೆ ಅದು ಬರುತ್ತದೆ. ಲೇಖನದ ಜೊತೆ ಕಳಿಸಿದ ಪತ್ರದಲ್ಲಿ ಚೆನ್ನಾಗಿಯೇ ಬರೆದಿದ್ದೀರಿ.

ಅವಸರ ಬೇಡ, ಎರಡು ತಿಂಗಳು ತೆಗೆದುಕೊಳ್ಳಿ. 1,500 ಪದ ಸಾಕು. ಯಾವ ವಿವರ ಯಾವ ತೀರ್ಪಿನ ಯಾವ ಪುಟದ್ದು ಅಂತ ಬದಿಯಲ್ಲಿ ಗುರುತು ಹಾಕಿ ಕಳಿಸಿ. ಒಂದೊಂದನ್ನೂ ತಾಳೆ ನೋಡಿಯೇ ಅಚ್ಚಿಗೆ ಕೊಡುತ್ತೇನೆ.

ನಿಮ್ಮ,
ಸಂಪಾದಕ