ಥೈರಾಯ್ಡ್ ಕ್ಯಾನ್ಸರ್ ಇಷ್ಟೊಂದು ಹೆಚ್ಚುತ್ತಿರುವುದೇಕೆ? 7 ಮಿ.ಮೀ. ಗಂಟಿಗೆ ಇಡೀ ಗ್ರಂಥಿಯನ್ನೇ ತೆಗೆಸಬೇಕೇ?

ಕುತ್ತಿಗೆ ನೋವಿಗೆಂದು ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ನಿಮ್ಮ ಅಕ್ಕನವರ ಥೈರಾಯ್ಡ್ ಗ್ರಂಥಿಯಲ್ಲಿ 7 ಮಿ.ಮೀ. ಗಂಟು ಕಂಡುಬಂದು, ಸೂಜಿ ಪರೀಕ್ಷೆಯಲ್ಲಿ ಪ್ಯಾಪಿಲರಿ ಕ್ಯಾನ್ಸರ್ (ಥೈರಾಯ್ಡ್ ಕ್ಯಾನ್ಸರಿನ ಅತಿ ಸಾಮಾನ್ಯ ಬಗೆ) ಎಂದು ವರದಿ ಬಂದಿರುವುದಾಗಿ ಬರೆದಿದ್ದೀರಿ. ತುಮಕೂರಿನಲ್ಲಿ ಅಲ್ಟ್ರಾಸೌಂಡ್ ಮಾಡುವ ವೈದ್ಯನಾಗಿ ಇಂಥ ಆತಂಕವನ್ನು ನಾನು ಮೇಲಿಂದ ಮೇಲೆ ನೋಡುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಥೈರಾಯ್ಡ್ ಕ್ಯಾನ್ಸರ್ ಪ್ರಕರಣಗಳ ಏರಿಕೆಯ ಬಹುಪಾಲಿಗೆ ಕಾರಣ, ನಾವು ಹುಡುಕುವುದು ಹೆಚ್ಚಾಗಿರುವುದು. ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ಸರ್ಕಾರಿ ಕ್ಯಾನ್ಸರ್ ತಪಾಸಣೆ ಆರಂಭವಾದಾಗ ಥೈರಾಯ್ಡ್ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಆಸ್ಪತ್ರೆಗಳು ಅಲ್ಪ ಹಣಕ್ಕೆ ಕುತ್ತಿಗೆಯ ಸ್ಕ್ಯಾನಿಂಗನ್ನೂ ಜೊತೆಗೆ ಸೇರಿಸಿದವು. 2011ರ ಹೊತ್ತಿಗೆ ಪತ್ತೆಯಾಗುವ ಪ್ರಮಾಣ 1993ರ ಹದಿನೈದು ಪಟ್ಟಾಯಿತು, ಸಾವಿನ ಪ್ರಮಾಣ ಮಾತ್ರ ಇದ್ದಲ್ಲಿಯೇ ಇತ್ತು. ಯಾವ ತೊಂದರೆಯನ್ನೂ ಕೊಡದೆ ಉಳಿದುಬಿಡುತ್ತಿದ್ದ ಪುಟ್ಟ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿ ಕಳೆದುಕೊಂಡು, ಜೀವನಪೂರ್ತಿ ಮಾತ್ರೆಗೆ ಕಟ್ಟುಬಿದ್ದರು. ಕೆಲವರಿಗೆ ಧ್ವನಿಯ ನರಕ್ಕೆ ಪೆಟ್ಟಾಯಿತು, ಇನ್ನು ಕೆಲವರಿಗೆ ರಕ್ತದಲ್ಲಿನ ಕ್ಯಾಲ್ಸಿಯಂ ಕುಸಿಯಿತು. ಲಕ್ಷಣವೇ ಇಲ್ಲದವರಿಗೆ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಥೈರಾಯ್ಡ್ ಸ್ಕ್ಯಾನಿಂಗ್ ಸೇರಿಸುವುದನ್ನು ನಾನು ವಿರೋಧಿಸುವುದು ಇದೇ ಕಾರಣಕ್ಕೆ.

ಚಿಕಿತ್ಸೆಯೂ ಬದಲಾಗಿದೆ. ಜಪಾನಿನ ಕೋಬೆಯ ಕುಮಾ ಆಸ್ಪತ್ರೆಯ ವೈದ್ಯರು 1993ರಿಂದಲೇ 1 ಸೆಂ.ಮೀ.ವರೆಗಿನ ಇಂಥ ಗಂಟುಗಳನ್ನು ಕೂಡಲೇ ಕೊಯ್ಯದೆ ನಿಗಾದಲ್ಲಿ ಇಟ್ಟು ನೋಡಿದರು. ಹತ್ತು ವರ್ಷಗಳಲ್ಲಿ 3 ಮಿ.ಮೀ. ಅಥವಾ ಹೆಚ್ಚು ಬೆಳೆದದ್ದು ನೂರರಲ್ಲಿ ಸುಮಾರು ಎಂಟು ಮಂದಿಗೆ ಮಾತ್ರ, ಅವರಿಗೆ ಆಮೇಲೆ ಮಾಡಿದ ಶಸ್ತ್ರಚಿಕಿತ್ಸೆಯೂ ಫಲ ಕೊಟ್ಟಿತು. ಶಸ್ತ್ರಚಿಕಿತ್ಸೆಯನ್ನೇ ಆರಿಸಿಕೊಂಡರೂ, ಗಂಟು ಗ್ರಂಥಿಯೊಳಗೇ ಇದ್ದಾಗ ಒಂದು ಬದಿಯ ಅರ್ಧ ಭಾಗವನ್ನು ತೆಗೆದರೆ ಸಾಕೆಂದು 2015ರ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಮಾರ್ಗಸೂಚಿಯೂ ಹೇಳುತ್ತದೆ. ಇಷ್ಟು ಚಿಕ್ಕ ಗಂಟಿಗೆ ರೇಡಿಯೋ ಅಯೋಡಿನ್ (ವಿಕಿರಣ ಸೂಸುವ ಅಯೋಡಿನ್ ಕೊಟ್ಟು ಉಳಿದ ಥೈರಾಯ್ಡ್ ಕೋಶಗಳನ್ನು ನಾಶಮಾಡುವ ಚಿಕಿತ್ಸೆ) ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಆದರೆ ಈ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲ. ಗಂಟು ಶ್ವಾಸನಾಳಕ್ಕೆ ಅಥವಾ ಧ್ವನಿಯ ನರಕ್ಕೆ ಅಂಟಿಕೊಂಡಿದ್ದರೆ, ಕುತ್ತಿಗೆಯ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿದ್ದರೆ, ಧ್ವನಿ ಒಡೆದಿದ್ದರೆ ಕಾಯುವಂತಿಲ್ಲ. ಮೆಡ್ಯುಲರಿ ಎಂಬ ಬಗೆ ಬೇರೆಯೇ ಕಾಯಿಲೆ. ಅದು ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ, ಅದಕ್ಕೆ ಶಸ್ತ್ರಚಿಕಿತ್ಸೆ ಬೇಕೇ ಬೇಕು.

ಆದ್ದರಿಂದ ನಿರ್ಧರಿಸುವ ಮೊದಲು ಸೂಜಿ ಪರೀಕ್ಷೆಯ ಸ್ಲೈಡುಗಳನ್ನೂ ಸ್ಕ್ಯಾನಿಂಗ್ ಚಿತ್ರಗಳನ್ನೂ ತೆಗೆದುಕೊಂಡು ಬೆಂಗಳೂರಿನ ಕಿದ್ವಾಯಿಯಂಥ ಸಂಸ್ಥೆಯಲ್ಲಿ ಎರಡನೆಯ ಅಭಿಪ್ರಾಯ ಪಡೆಯಿರಿ. ದುಗ್ಧಗ್ರಂಥಿಗಳನ್ನು ನೋಡಿದ್ದಾರೆಯೇ, ನಿಗಾ ಸಾಧ್ಯವೇ, ಅರ್ಧ ಗ್ರಂಥಿ ಸಾಕೇ ಎಂಬ ಮೂರನ್ನೂ ನೇರವಾಗಿ ಕೇಳಿ. ನಿಗಾ ಎಂದು ತೀರ್ಮಾನವಾದರೆ ಆರಂಭದಲ್ಲಿ ಆರು ತಿಂಗಳಿಗೊಮ್ಮೆ, ಸಾಧ್ಯವಾದಷ್ಟೂ ಒಂದೇ ಕಡೆ, ಹಳೆಯ ಚಿತ್ರಗಳನ್ನು ಜೊತೆಗಿಟ್ಟು ಅಳತೆ ಮಾಡಿಸಿ.